ಸದ್ದಿಲ್ಲದ ಗಂಟೆಗಳು

ಬೀದಿಯವರು ಅವಳನ್ನು ಕಿವಿ ಡಾಕ್ಟರು ಎನ್ನುತ್ತಾರೆ. ಅವಳು ಡಾಕ್ಟರಲ್ಲ. ಈಗ ಕಿವಿಯ ಕೆಲಸವೂ ಅವಳದಲ್ಲ. ಮುಖ್ಯರಸ್ತೆಯ ಕನ್ನಡಕದಂಗಡಿಯಲ್ಲಿ ಕೂತು, ಬಂದವರ ಮೂಗಿನ ಮೇಲೆ ಫ್ರೇಮು ನೆಟ್ಟಗೆ ಕೂರುತ್ತದೋ ಇಲ್ಲವೋ ನೋಡುತ್ತಾಳೆ. ಹೊರದೇಶಕ್ಕೆ ಹೋಗಿ ಎರಡು ವರ್ಷ ಕಿವಿ ಪರೀಕ್ಷೆ ಕಲಿತವಳು ವಾಪಸ್ ಬಂದು ಕನ್ನಡಕ ಮಾರುತ್ತಾಳೆಂದರೆ ಬೀದಿಗೆ ಇದಕ್ಕಿಂತ ಮಜದ ಸುದ್ದಿ ಬೇಕೆ? "ಕಿವಿ ಕೈಕೊಡ್ತು, ಮೂಗು ಹಿಡ್ಕೊಂಡ್ಳು" ಎಂದು ಪಕ್ಕದ ಮನೆಯ ಟೈಲರ್ ನಗುತ್ತಾನೆ. ನಗಲಿ. ಅವನ ಬಾಯಿ ಚುರುಕು, ಹೊಲಿಗೆ ಅಷ್ಟಕ್ಕಷ್ಟೆ.

ಅವಳ ಅಪ್ಪ ಡಬ್ಬಿಯ ಮುಚ್ಚಳ ಒತ್ತುವ ಕಾರ್ಖಾನೆಯಲ್ಲಿ ಪ್ರೆಸ್ ಮಿಷನ್ನಿನ ಮುಂದೆ ಇಪ್ಪತ್ತೆರಡು ವರ್ಷ ನಿಂತವನು. ಕೆಲಸಕ್ಕೆ ಹದಿನೈದು ವರ್ಷ ತುಂಬುವಷ್ಟರಲ್ಲಿ ಕಿವಿ ಹೋಗಿತ್ತು. ಅವನನ್ನು ಕರೆಯಬೇಕಾದರೆ ಭುಜ ಮುಟ್ಟಬೇಕು. ಮಾತಾಡಬೇಕಾದರೆ ಎದುರಿಗೆ ನಿಂತು, ತುಟಿ ಕಾಣುವ ಹಾಗೆ ಆಡಬೇಕು. ಅವನು ಮುಖ ತಿರುಗಿಸಿದನೆಂದರೆ ಅಲ್ಲಿಗೆ ಮಾತು ಮುಗಿಯಿತು.

ಹದಿನೇಳನೇ ವಯಸ್ಸಿನಲ್ಲಿ ಮಗಳು ಕಾರ್ಖಾನೆಗೆ ಪರಿಹಾರದ ಅರ್ಜಿ ಬರೆದಳು. "ಬೇಡ ಬಿಡಮ್ಮ, ಅದೆಲ್ಲ ಆಗೋದಲ್ಲ ಹೋಗೋದಲ್ಲ" ಎಂದ ಅಪ್ಪ. ಅವಳು ಕೇಳಬೇಕಲ್ಲ! ಒಂದೂವರೆ ತಿಂಗಳಿಗೆ ಉತ್ತರ ಬಂತು, ಜೊತೆಗೆ ಅಪ್ಪ ಕೆಲಸಕ್ಕೆ ಸೇರಿದ ವಾರದ ಕಿವಿ ಪರೀಕ್ಷೆಯ ನಕಲೊಂದು. ಸೇರುವಾಗಲೇ ಈತನ ಕಿವಿ ಮಂದವಿತ್ತು, ಕಾರ್ಖಾನೆಗೆ ಹೊಣೆಯಿಲ್ಲ. ಕೆಳಗೆ ಪರೀಕ್ಷೆ ಮಾಡಿದವನ ಸಹಿ, ಕೋಳಿ ಕೆದಕಿದ ಹಾಗೆ. ಅದರ ಪಕ್ಕದಲ್ಲಿ ಅಪ್ಪನದು.

"ಆಗ ನಿಂಗೆ ಚೆನ್ನಾಗೇ ಕೇಳಿಸ್ತಿತ್ತಲ್ಲಪ್ಪಾ?"

ಅಪ್ಪ ಕಾಗದ ಮಡಿಸಿ ಟ್ರಂಕಿನಲ್ಲಿಟ್ಟ. ಆ ಕೋಳಿಗಾಲಿನ ಸಹಿಯವನ ಮೇಲಿನ ಸಿಟ್ಟೇ ಅವಳನ್ನು ಓದಿಸಿತು, ಪರೀಕ್ಷೆಯ ಮೇಲೆ ಪರೀಕ್ಷೆ ಪಾಸು ಮಾಡಿಸಿತು, ಕೊನೆಗೆ ವಿದ್ಯಾರ್ಥಿವೇತನದ ಮೇಲೆ ವಿಮಾನವನ್ನೂ ಹತ್ತಿಸಿತು.

ಅಲ್ಲಿ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಅವಳಿಗೂ ಇನ್ನೊಬ್ಬ ಪರದೇಶಿ ಹುಡುಗಿಗೂ ಸೇರಿ ಒಂದು ಕೋಣೆ. ಕಿಟಕಿ ಫುಟ್‌ಪಾತಿನ ಮಟ್ಟಕ್ಕಿತ್ತು. ಎರಡು ವರ್ಷ ಅವರು ಆ ಊರಿನ ಜನರನ್ನು ಬೂಟುಗಳಲ್ಲೇ ನೋಡಿದರು. ಗೆಳತಿಗೆ ಓದು ತಲೆಗೆ ಹತ್ತುತ್ತಿರಲಿಲ್ಲ. ಇವಳೇ ಪಕ್ಕದಲ್ಲಿ ಕೂರಿಸಿಕೊಂಡು, ಕಿವಿಗೆ ಹೆಡ್‌ಫೋನ್ ಇಟ್ಟು, ಯಾವ ಸದ್ದಿಗೆ ಗುಂಡಿ ಒತ್ತಿದರೆ ಕಾಗದದ ಮೇಲಿನ ಗೆರೆ ಎಲ್ಲಿಗೆ ಇಳಿಯುತ್ತದೆಂದು, ಗೆರೆ ಇಳಿದಷ್ಟೂ ಕಿವಿ ಮಂದವೆಂದು ಹೇಳಿಕೊಟ್ಟಳು.

ಎರಡನೇ ವರ್ಷ ಮೇಷ್ಟ್ರು ಒಂದು ಪಾಠ ಮಾಡಿದರು. ಕಾರ್ಮಿಕನ ಮೊದಲ ಪರೀಕ್ಷೆಗೆ ಮುಂಚೆ ಅವನ ಕಿವಿಗೆ ಹದಿನಾಲ್ಕು ಗಂಟೆ ಸದ್ದಿನಿಂದ ಬಿಡುವಿರಬೇಕು. ಮಿಷನ್ನಿನ ಮುಂದಿನಿಂದ ಎದ್ದುಬಂದವನ ಕಿವಿ ಒಂದಷ್ಟು ಹೊತ್ತು ಜಡ್ಡುಗಟ್ಟಿರುತ್ತದೆ. ಆಗ ಪರೀಕ್ಷಿಸಿದರೆ ಚೆನ್ನಾಗಿರುವ ಕಿವಿಯೂ ಮಂದವೆಂದು ದಾಖಲಾಗುತ್ತದೆ. ಆಮೇಲೆ ಅವನು ನಿಜವಾಗಿ ಕಿವುಡಾದರೂ ಕಾರ್ಖಾನೆಯವರು ಅದೇ ಕಾಗದ ಹಿಡಿದು, ಬರುವಾಗಲೇ ಹೀಗಿದ್ದ ಎನ್ನಬಹುದು. ಕ್ಲಾಸು ಮುಗಿಯುವವರೆಗೂ ತಡೆಯಲಾಗದೆ ಅವಳು ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದಳು.

"ಅಪ್ಪ ಕೆಲ್ಸಕ್ಕೆ ಸೇರಿದಾಗ ಕಿವಿ ಪರೀಕ್ಷೆ ಯಾವಾಗ ಮಾಡಿದ್ರು?"

"ಪಾಳಿ ಮುಗಿಸ್ಕೊಂಡು ಮಾಡಿಸ್ಕೊಂಡು ಬಂದ್ರು. ಯಾಕೆ, ಊಟ ಆಯ್ತಾ ನಿಂದು?"

ಅಪ್ಪನ ಕಿವಿಯ ಮೇಲೆ ಹೂವಿಟ್ಟಿದ್ದರು. ಅದು ಖಾತ್ರಿಯಾಯಿತು.

ಓದು ಮುಗಿಯುವ ಹೊತ್ತಿಗೆ ಕಾಲೇಜಿನ ಸಲಹೆಗಾರ್ತಿ ಪರದೇಶಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕರೆದಳು. ಮೇಜಿನ ಮೇಲೆ ಮೂವತ್ತು ಚೀಟಿ ಹರಡಿದಳು. ಪ್ರಾಮಾಣಿಕತೆ, ಕುಟುಂಬ, ಭದ್ರತೆ, ಹೆಸರು, ಹೀಗೆ ಒಂದೊಂದರ ಮೇಲೂ ಒಂದೊಂದು ಮೌಲ್ಯ. "ನಿಮ್ಮ ಮನಸ್ಸಿಗೆ ಹತ್ತಿರವಾದ ಐದು ಆರಿಸ್ಕೊಳ್ಳಿ. ಅದರ ಪ್ರಕಾರ ಕೆಲಸ ಹುಡುಕಿದ್ರೆ ಜೀವನದಲ್ಲಿ ಕೊರಗು ಇರಲ್ಲ." ಇವಳು ಪ್ರಾಮಾಣಿಕತೆಯನ್ನು ಮೊದಲಿಟ್ಟು, ಕುಟುಂಬವನ್ನು ಅದರ ಕೆಳಗಿಟ್ಟಳು. ಸಲಹೆಗಾರ್ತಿಗೆ ಖುಷಿಯೋ ಖುಷಿ. ವೀಸಾ ಎಂಬ ಚೀಟಿ ಆ ಕಟ್ಟಿನಲ್ಲಿರಲಿಲ್ಲ. ಪಾಪ, ಆಕೆ ಹುಟ್ಟಿದ ಊರಲ್ಲೇ ಕೆಲಸ ಮಾಡುತ್ತಿದ್ದವಳು, ಆಕೆಗೆ ಅದು ಹೇಗೆ ನೆನಪಾಗಬೇಕು?

ಓದು ಮುಗಿದ ಮೂರು ತಿಂಗಳೊಳಗೆ ಕೆಲಸ ಕೊಡುವವರ ಪತ್ರ ತೋರಿಸಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಕಿವುಡು ಮಕ್ಕಳ ಶಾಲೆಯವರು ಇವಳನ್ನು ಮೆಚ್ಚಿದರು, ಪತ್ರ ಕೊಡುವ ಅಧಿಕಾರ ನಮಗಿಲ್ಲ ಎಂದರು. ಆಸ್ಪತ್ರೆಗಳು ಉತ್ತರವನ್ನೇ ಬರೆಯಲಿಲ್ಲ. ಎರಡು ತಿಂಗಳು ಹತ್ತು ದಿನಕ್ಕೆ ಒಂದೇ ಒಂದು ಕಡೆಯಿಂದ ಕರೆ ಬಂತು. ಕಾರ್ಖಾನೆಗಳ ಬಾಗಿಲಿಗೆ ವ್ಯಾನ್ ತೆಗೆದುಕೊಂಡು ಹೋಗಿ ಕಾರ್ಮಿಕರ ಕಿವಿ ಪರೀಕ್ಷಿಸುವ ಕಂಪನಿ. ಹದಿನೈದು ದಿನ ಕೆಲಸ ನೋಡಿ ಪತ್ರ ಕೊಡುತ್ತೇವೆ ಎಂದರು. ಅಪ್ಪನಂಥವರ ಕಿವಿ! ಅವಳು ಕುಣಿದಾಡಿದಳು.

ಹದಿಮೂರು ದಿನ ಹಳಬರ ವಾರ್ಷಿಕ ಪರೀಕ್ಷೆ, ಯಾವ ತಕರಾರೂ ಇಲ್ಲ. ಹದಿನಾಲ್ಕನೇ ದಿನ ಹೊಸದಾಗಿ ಸೇರಿದವರ ಸರದಿ. ಹನ್ನೊಂದು ಜನ. ಒಬ್ಬೊಬ್ಬರೂ ಮಿಷನ್ನು ಬಿಟ್ಟು ನೇರವಾಗಿ ವ್ಯಾನಿಗೆ ಬಂದರು, ಕೈಯಲ್ಲಿನ್ನೂ ಎಣ್ಣೆ. ಗೆರೆಗಳೆಲ್ಲ ಹಳ್ಳಕ್ಕೆ ಬಿದ್ದ ಹಾಗೆ ಇಳಿದವು. ಕಾಗದದಲ್ಲಿ ಒಂದು ಖಾನೆಯಿತ್ತು: ಪರೀಕ್ಷೆಗೆ ಮುಂಚಿನ ಸದ್ದಿಲ್ಲದ ಗಂಟೆಗಳು. ಅವಳು ಅದರಲ್ಲಿ ಸೊನ್ನೆ ಬರೆದಳು, ಹನ್ನೊಂದು ಕಾಗದಕ್ಕೆ ಹನ್ನೊಂದು ಸೊನ್ನೆ.

ವ್ಯಾನಿನ ಮುಖ್ಯಸ್ಥ ಕೆಟ್ಟವನಲ್ಲ. ಬೆಳಿಗ್ಗೆ ತಾನೇ ಇವಳಿಗೂ ಕಾಫಿ ತರುತ್ತಿದ್ದ. ಕಾಗದ ತಿರುವಿ ನೋಡಿ, "ಹದಿನಾಲ್ಕು ಅಂತ ತಿದ್ದಿಬಿಡಿ" ಎಂದ, ಲೈಟು ಆರಿಸಿಬಿಡಿ ಎನ್ನುವ ಹಾಗೆ.

"ನಾಳೆ ಪಾಳಿಗೆ ಮುಂಚೆ ಕರೆಸಿದ್ರೆ ಸರಿಯಾಗಿ ಮಾಡ್ಬಹುದಲ್ವಾ?"

"ನಾಳೆ ಇನ್ನೊಂದು ಕಾರ್ಖಾನೆ ಇದೆ. ಈ ಕಾಗದ ಇವತ್ತು ಹೋದ್ರೇನೇ ಇವರ ಕೆಲಸ ಪಕ್ಕಾ. ನಿಮ್ಮ ಪತ್ರನೂ ನಾಳೆ ಟೈಪ್ ಆಗುತ್ತೆ. ಯೋಚನೆ ಮಾಡಿ."

ಹನ್ನೊಂದು ಜನರಲ್ಲಿ ಒಬ್ಬ, ವಯಸ್ಸಾದವನು, ಬಾಗಿಲಲ್ಲೇ ಟೋಪಿ ಹಿಡಿದು ನಿಂತಿದ್ದ. "ಹಾಕಮ್ಮ ಸಹಿ. ನಮ್ಮ ಕಿವಿ ನಮಗೆ ಬಿಡು" ಎಂದ. ಆ ಮಾತನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಇವನಿಗೆ ತಿಳಿಯದು, ಅಪ್ಪನಿಗೂ ತಿಳಿದಿರಲಿಲ್ಲ, ತಿಳಿದವಳು ನಾನಲ್ಲವೇ ಎಂದುಕೊಂಡಳು. ಸಹಿ ಹಾಕದೆ ಪೆನ್ನು ಕೆಳಗಿಟ್ಟು ಇಳಿದಳು. ಬಸ್‌ಸ್ಟಾಪಿನವರೆಗೂ ಎದೆಯುಬ್ಬಿಸಿಕೊಂಡೇ ನಡೆದಳು. ಅಷ್ಟು ಹೆಮ್ಮೆ ಆಮೇಲೆಂದೂ ಅವಳಿಗೆ ಬರಲಿಲ್ಲ.

ಎರಡು ದಿನ ಬಿಟ್ಟು ಕೋಣೆಯ ಗೆಳತಿ ಹಾಸಿಗೆಯ ತುದಿಯಲ್ಲಿ ಕೂತು, "ನೀನು ಬಿಟ್ಟ ಜಾಗಕ್ಕೆ ನಾನು ಸೇರ್ಕೊಂಡೆ ಕಣೇ. ಬೇಜಾರು ಮಾಡ್ಕೋಬೇಡ" ಎಂದಳು. ಕಾರ್ಖಾನೆಯವರು ಇನ್ನೊಂದೇ ದಿನದ ಗಡುವು ಕೊಟ್ಟು, ಅದೇ ಹನ್ನೊಂದು ಜನರನ್ನು ಮತ್ತೆ ಮಿಷನ್ನಿನಿಂದ ಎಬ್ಬಿಸಿ ತಂದು ಕೂರಿಸಿದ್ದರು. ಗೆಳತಿ ಹದಿನಾಲ್ಕು ಬರೆದಳು. ಹೆಡ್‌ಫೋನ್ ಹೇಗಿಡಬೇಕೆಂದು ಹೇಳಿಕೊಟ್ಟವಳು ಇವಳೇ. ಒಬ್ಬನ ಕಿವಿಯೂ ಉಳಿಯಲಿಲ್ಲ, ಇವಳ ಕೆಲಸ ಮಾತ್ರ ಹೋಯಿತು.

ಊರಿಗೆ ಬಂದು, ಅಲ್ಲಿ ಕೆಲಸ ಸಿಗಲಿಲ್ಲ ಎಂದಷ್ಟೇ ಹೇಳಿದಳು. ಇಲ್ಲಿನ ಆಸ್ಪತ್ರೆಗಳು ಅನುಭವದ ಪತ್ರ ಕೇಳಿದವು. ಹದಿನಾಲ್ಕು ದಿನದ ಅನುಭವಕ್ಕೆ ಯಾರು ಪತ್ರ ಕೊಡುತ್ತಾರೆ? ಕನ್ನಡಕದಂಗಡಿಯವನು ಏನೂ ಕೇಳಲಿಲ್ಲ.

ನಿಜವನ್ನು ಅವಳು ಅಪ್ಪನಿಗೆಂದೇ ಎತ್ತಿಟ್ಟಿದ್ದಳು. ಎಂಟು ತಿಂಗಳ ಮೇಲೆ, ಒಂದು ಭಾನುವಾರ ಊಟಕ್ಕೆ ಕೂತಾಗ ಅವನೇ ಕೇಳಿದ: "ಅಷ್ಟು ದೊಡ್ಡ ಊರಲ್ಲಿ ನಿಂಗೊಂದು ಕೆಲ್ಸ ಇರ್ಲಿಲ್ವಾ?" ಅವಳು ಎದುರಿಗೆ ಸರಿದು ಕೂತು, ತುಟಿ ಬಿಡಿಸಿ ಬಿಡಿಸಿ, ವ್ಯಾನು, ಹನ್ನೊಂದು ಜನ, ಸೊನ್ನೆ, ಎಲ್ಲ ಹೇಳಿದಳು. "ಆ ಸಹಿ ಹಾಕಿದವನು ನಿಂಗೆ ಮಾಡಿದ್ದನ್ನ ನಾನು ಇನ್ನೊಬ್ಬರಿಗೆ ಮಾಡಲ್ಲ ಅಂದೆ ಅಪ್ಪ" ಎಂದಳು. ಅಪ್ಪನ ಕಣ್ಣು ತುಂಬುತ್ತದೆಂದು ಕಾದಳು.

ಅಪ್ಪ ನೀರು ಕುಡಿದು ಲೋಟ ಕೆಳಗಿಟ್ಟ.

"ನಂಗೆ ಗೊತ್ತಿತ್ತಮ್ಮ. ಅವತ್ತು ಪರೀಕ್ಷೆ ಮಾಡಿದವನೇ ಹೇಳಿದ್ದ, ಇವತ್ತು ಮಾಡಿದ್ರೆ ತಪ್ಪು ಬರುತ್ತೆ, ಬೆಳಿಗ್ಗೆ ಬನ್ನಿ ಅಂತ. ಬೆಳಿಗ್ಗೆ ಅಂದ್ರೆ ಜಾಗ ಇನ್ನೊಬ್ಬರ ಪಾಲಾಗ್ತಿತ್ತು. ನಿಮ್ಮಮ್ಮಂಗೆ ಆಗ ಏಳು ತಿಂಗಳು. ನಾನೇ ಅವನ ಕೈಕಾಲು ಹಿಡ್ಕೊಂಡೆ. ಬರ್ಯಕ್ಕೆ ಅವನ ಕೈ ನಡುಗ್ತಿತ್ತು, ಪಾಪ. ಪುಣ್ಯಾತ್ಮ, ಬರೆದುಕೊಟ್ಟ." ಆಮೇಲೆ ಅಂದ: "ಅವನೂ ನಿನ್ನ ಹಾಗೆ ಪೆನ್ನು ಕೆಳಗಿಟ್ಟು ಹೋಗಿದ್ದಿದ್ರೆ, ನೀನು ಎಲ್ಲಿ ಓದ್ತಿದ್ದೆ?"

ಅಮ್ಮ ಬಡಿಸುವುದನ್ನು ನಿಲ್ಲಿಸಿ ಗೋಡೆಯ ಕಡೆ ನೋಡಿದಳು. ಆಕೆಗೂ ಗೊತ್ತಿತ್ತು.

"ನಾನು ನಿನಗೋಸ್ಕರ ಅಲ್ವೇನಪ್ಪಾ..." ಎಂದಳು ಮಗಳು.

ಅಪ್ಪ ಆಗಲೇ ತಲೆ ತಗ್ಗಿಸಿ ಊಟ ಮಾಡುತ್ತಿದ್ದ.