ಆಯಿಯ ತವರಿನಲ್ಲಿ ಅಪ್ಪನ ಕನ್ನಡ

ಆಯಿಗೆ, ಅಂದರೆ ನನ್ನ ತಾಯಿಗೆ, ಮರೆವು ಹತ್ತಿದಾಗ ಮೊದಲು ಹೋದದ್ದು ಮರಾಠಿ. ಕೀಲಿಕೈ, ವಾರ, ನೆರೆಯವರ ಮುಖ ಇವೆಲ್ಲ ಆಮೇಲೆ ಹೋದವು. ಜಮಖಂಡಿಯಲ್ಲಿ ನಮ್ಮದು ಮರಾಠಿ ಮಾತಾಡುವ ಮನೆ. ಆಯಿ ಅನಗವಾಡಿಯ ಕನ್ನಡದ ಹುಡುಗಿ. ಮದುವೆಯಾಗಿ ಬಂದು, ಅತ್ತೆಯ ಕೈಕೆಳಗೆ ಮರಾಠಿ ಕಲಿತು, ನಮ್ಮನ್ನೆಲ್ಲ ಅದರಲ್ಲೇ ಬೈದು ಬೆಳೆಸಿದ್ದಳು. ಅಷ್ಟು ವರ್ಷ ಆಡಿದ ಮಾತನ್ನು ಚಪ್ಪಲಿ ಬಿಟ್ಟ ಹಾಗೆ ಬಾಗಿಲಲ್ಲಿ ಬಿಟ್ಟು ತನ್ನ ಕನ್ನಡಕ್ಕೆ ಹೊರಟುಹೋದಳು.

ಪೆಟ್ಟು ಬಿದ್ದದ್ದು ಅಪ್ಪನಿಗೆ. ಅವರು ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದವರು, ಸಂಸ್ಥಾನ ಮುಂಬಯಿ ಸರಕಾರಕ್ಕೆ ಸೇರಿದ ಮೇಲೆ ಪೆನ್ಶನ್ ಪಡೆದು ಮನೆಯಲ್ಲಿದ್ದರು. ಅವರಿಗೆ ಕನ್ನಡ ಬರುತ್ತಿತ್ತು, ಆದರೆ ಅದು ಕಾಯಿಪಲ್ಲೆ ಪೇಟೆಯ ಕನ್ನಡ: ಎಷ್ಟು, ಭಾಳಾತು, ಬಿಡು, ಹಾಕು. ಹೆಂಡತಿಯ ಜೊತೆ ಅದರಲ್ಲಿ ಒಂದು ಮಾತನ್ನೂ ಆಡಿದವರಲ್ಲ. ಈಗ ಅವರು ಮರಾಠಿಯಲ್ಲಿ ಮಾತಾಡಿಸಿದರೆ ಆಯಿ ಗೋಡೆಗೆ ಒತ್ತಿ ನಿಲ್ಲುತ್ತಿದ್ದಳು. ಯಾರೋ ಪರಗಂಡಸು ಒಳಗೆ ಬಂದಿದ್ದಾನೆಂದು ಕೂಗಿ ಓಣಿಯ ಮಂದಿಯನ್ನು ಕೂಡಿಸಿದ್ದೂ ಉಂಟು. ಆಗೆಲ್ಲ ಅಪ್ಪ ಹೊರಗಿನ ಕಟ್ಟೆಗೆ ಬಂದು ಕೂತು, ಏನೂ ಇಲ್ಲ, ನಿಮ್ಮ ನಿಮ್ಮ ಕೆಲಸ ನೋಡಿಕೊಳ್ಳಿ ಎನ್ನುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ ತಾಟು ಸರಿಸಿ ಏಳುತ್ತಿದ್ದ ಮನುಷ್ಯನಿಗೆ ಈ ಸಹನೆ ಎಲ್ಲಿಂದ ಬಂತೋ ನನಗೆ ತಿಳಿಯಲಿಲ್ಲ.

ನಾನು ಆಗ ಮುಧೋಳದ ಸಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಬೇಸಗೆಯ ಸೂಟಿ ಬಿದ್ದೊಡನೆ ಮೂವರೂ ಅನಗವಾಡಿಗೆ ಹೊರಟೆವು. ಅಲ್ಲಿಂದ ಸೋದರಮಾವ ಹೇಳಿ ಕಳಿಸಿದ್ದ: ಸೂಟಿ ನಮ್ಮಲ್ಲಿ ಕಳೆಯಿರಿ, ಅಕ್ಕ ಇಲ್ಲಿ ಸಮಾಧಾನದಿಂದಿದ್ದರೆ ಕಾಯಂ ಇಲ್ಲೇ ಬಿಟ್ಟುಹೋಗಿ. ಮಾವನ ಮಾತು ನ್ಯಾಯದ್ದೇ. ಆದರೆ ಹಾಗಾದರೆ ಅಪ್ಪ ಜಮಖಂಡಿಗೆ ಒಬ್ಬರೇ ಮರಳಬೇಕು. ಅವರು ಬೀಳಗಿ ಬರುವ ತನಕ ಬಸ್ಸಿನ ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು.

ತವರಿಗೆ ಕಾಲಿಟ್ಟ ಆಯಿ ನೇರ ಅಡುಗೆಮನೆಗೆ ನಡೆದಳು. ಡಬ್ಬಿ ಎಲ್ಲಿದೆ, ಒಳಕಲ್ಲು ಎಲ್ಲಿದೆ ಎಂದು ಆಕೆಗೆ ಯಾರೂ ಹೇಳಬೇಕಾಗಲಿಲ್ಲ. ನಮ್ಮ ಅತ್ತಿ, ಅಂದರೆ ಮಾವನ ಹೆಂಡತಿ, ದೊಡ್ಡ ಮನಸ್ಸಿನವಳು; ಸೌಟನ್ನು ಆಯಿಯ ಕೈಗೆ ಕೊಟ್ಟು ತಾನು ರೊಟ್ಟಿ ಬಡಿಯಲು ಕೂತಳು. ಪಡಸಾಲೆಯಲ್ಲಿ ಕೂತಿದ್ದ ಅಪ್ಪನನ್ನು ಕಂಡು ಆಯಿ, ಇವರು ಯಾರು ಎಂದು ಕೇಳಿದಳು. ಜಮಖಂಡಿಯಿಂದ ಬಂದ ಪಾವಣೇರು ಎಂದು ಮಾವ ಹೇಳಿಬಿಟ್ಟ. ಸ್ವಂತ ಹೆಂಡತಿಗೆ ಅಪ್ಪ ಅತಿಥಿಯಾದರು. ನನಗೆ ಮಾವನ ಮೇಲೆ ಕೆಟ್ಟ ಸಿಟ್ಟು ಬಂತು, ಅಡುಗೆಮನೆಯ ಹಿಂದೆ ಕರೆದು ನಾಲ್ಕು ಮಾತು ಅಂದೆ. ಅಪ್ಪ ಮಾತ್ರ ಎದ್ದು ಕೈಮುಗಿದರು.

ಒಂದು ಸಂಜೆ ಆಯಿ ಪಡಸಾಲೆಯಲ್ಲಿ ಮಲಗಿದ್ದಳು. ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಮಲಗಿರಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಹಳೆಯ ರೂಢಿಯಿಂದ ಅಪ್ಪ, "ಅಗ, ಊಠ" ಅಂದರು. ಮರಾಠಿಯಲ್ಲಿ ಅದರ ಅರ್ಥ ಏಳು ಎಂದು. ಈಗ ಕೂಗಿಕೊಳ್ಳುತ್ತಾಳೆಂದು ನಾನು ಓಡಿಬಂದೆ. ಆಯಿಯ ಕಿವಿಗೆ ಬಿದ್ದದ್ದು ಕನ್ನಡದ ಊಟ. ಪಾವಣೇರು ಬಾಯಿಬಿಟ್ಟು ಊಟ ಕೇಳಿದರೆಂದು ಗಾಬರಿಯಿಂದ ಎದ್ದು, ಸೆರಗು ಸರಿಮಾಡಿಕೊಂಡು, ಮಣೆ ಹಾಕಿ, ತಂಬಿಗೆಯಲ್ಲಿ ನೀರಿಟ್ಟು, "ಬರ್ರಿ, ಕೂಡ್ರಿ" ಎಂದಳು.

ಅಪ್ಪನದು ಸೂಕ್ಷ್ಮ ಹೊಟ್ಟೆ, ಮಧ್ಯಾಹ್ನದ ಊಟದ ಮೇಲೆ ರಾತ್ರಿಯ ತನಕ ನೀರು ಬಿಟ್ಟು ಏನೂ ಮುಟ್ಟದವರು. ಆದರೂ ಮಣೆಯ ಮೇಲೆ ಕೂತರು. ರೊಟ್ಟಿ, ಶೇಂಗಾ ಚಟ್ನಿ, ಮಧ್ಯಾಹ್ನ ಉಳಿದ ಮಾವಿನ ಸೀಕರಣಿ. ಆಯಿ ಎದುರಿಗೇ ಕೂತು ಬಡಿಸಿದಳು. ಅಪ್ಪನಿಗೆ ಏನೆನ್ನಿಸಿತೋ, ತಾಟು ಮುಂದೆ ಮಾಡಿ ತಮ್ಮ ಪೇಟೆಯ ಕನ್ನಡದಲ್ಲಿ, "ಇನ್ನೊಂದೀಟು ಹಾಕು" ಅಂದರು. ಆಯಿ ಸೌಟನ್ನು ಪಾತ್ರೆಗೆ ವಾಪಸು ಇಟ್ಟಳು. ಮರ್ಯಾದಸ್ಥ ಮನೆಯ ಹೆಣ್ಣುಮಗಳಿಗೆ ಪಾವಣೇರಾದವರು ಹಾಕು ಅನ್ನುವುದೆಂದರೇನು? ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ನನ್ನತ್ತ ನೋಡಲಿಲ್ಲ. ತಾಟನ್ನು ಮತ್ತೆ ಮುಂದೆ ಮಾಡಿ, "ಇನ್ನೊಂದೀಟು ಹಾಕ್ರಿ" ಅಂದರು. ಆಯಿ ಧಾರಾಳವಾಗಿ ಹಾಕಿದಳು.

ಮರುದಿನ ಸಂಜೆ ಆಯಿ ಎಚ್ಚರವಾಗಿಯೇ ಕೂತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ಬೇಕೆಂದೇ ಊಠ ಅಂದರು, ಮತ್ತೆ ಉಂಡರು. ಸೂಟಿ ಪೂರ್ತಿ ಇದೇ ನಡೆಯಿತು. ಹಗಲೆಲ್ಲ ಅತ್ತಿಯ ಹಿಂದೆ ತಿರುಗಿ, ಇದಕ್ಕೇನಂತೀರಿ ಅದಕ್ಕೇನಂತೀರಿ ಎಂದು ಕೇಳಿ ಕಲಿಯುತ್ತಿದ್ದರು. ಸಂಜೆ ತಾಟಿನ ಮುಂದೆ ಕೂತು ಕಲಿತದ್ದನ್ನು ಒಪ್ಪಿಸುತ್ತಿದ್ದರು. ಹೊಳಿಗೆ ನೀರು ಕಡಿಮಿ ಆಗ್ಯಾವ್ರಿ, ಎಮ್ಮಿ ಇಂದ ಹಾಲು ಚಲೋ ಕೊಡ್ತ್ರಿ. ಆಯಿ ನಕ್ಕು ತಿದ್ದುತ್ತಿದ್ದಳು. ಹೊಟ್ಟೆ ಕೆಟ್ಟರೆ ನೋಡುವವರು ಯಾರು ಎಂದು ನಾನು ಗದರಿದರೆ, ಬಡಿಸುತ್ತಿದ್ದಾಳಲ್ಲ, ಅಷ್ಟು ಸಾಕು ಎಂದು ಮರಾಠಿಯಲ್ಲಿ ಹೇಳಿ ಓಮಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಹುಟ್ಟಿದಾಗಿನಿಂದ ಅಂಜುತ್ತಿದ್ದ ಅಪ್ಪನನ್ನು ನಾನು ಮನಸಾರೆ ಮೆಚ್ಚಿದ್ದು ಆ ಸೂಟಿಯಲ್ಲಿ.

ಹೊರಡುವ ದಿನ ಬಂತು. ಬೆಳಿಗ್ಗೆ ಮಾವ ಬಂಡಿ ಕಟ್ಟಿಸಿದ. ಅಕ್ಕ ಎಷ್ಟು ಆರಾಮ ಇದ್ದಾಳೆ ನೋಡಿರಿ, ಇಲ್ಲೇ ಇರಲಿ ಎಂದ. ಆಕೆ ಆರಾಮ ಇದ್ದದ್ದು ನಿಜ. ಅಪ್ಪ, ಆಕೆಯನ್ನೇ ಕೇಳುತ್ತೇನೆ, ಒಲ್ಲೆ ಅಂದರೆ ಬಿಟ್ಟು ಹೋಗುತ್ತೇನೆ ಎಂದರು. ಅಂಗಳದಲ್ಲಿ ನಿಂತಿದ್ದ ಆಯಿಯಿಂದ ನಾಲ್ಕು ಮಾರು ದೂರ ನಿಂತು ಕೇಳಿದರು.

"ನನ್ನ ಕೂಡ ಜಮಖಂಡಿಗೆ ಬರ್ತೀರೇನ್ರಿ?"

"ನಮ್ಮ ಮನಿಯವರನ್ನ ಕೇಳಬೇಕಾಗ್ತದ್ರಿ" ಎಂದಳು ಆಯಿ.

ಅಪ್ಪ ಒಂದು ಹೆಜ್ಜೆ ಮುಂದೆ ಬಂದರು. "ಅವರ ಕಳಿಸ್ಯಾರ್ರಿ ನನ್ನ, ಕರಕೊಂಡ ಬಾ ಅಂತ. ಭಾಳ ಕೆಟ್ಟ ಸಿಟ್ಟಿನ ಮನುಷ್ಯಾ. ತಡಾ ಆದ್ರ ನನ್ನ ಬಿಡೂದಿಲ್ಲ."

ಆಯಿಯ ಮುಖ ಬಿಗಿಯಿತು.

"ಸಿಟ್ಟು ಖರೆ. ಆದ್ರ ಅವರಿಲ್ಲದಾಗ ಅವರ ಬಗ್ಗೆ ಹಂಗ ಆಡಬಾರದ್ರಿ. ನನ್ನ ಕೈಲೆ ಉಂಡವರು ನೀವು."

"ತಪ್ಪಾತ್ರಿ" ಅಂದರು ಅಪ್ಪ. ಅವರು ಯಾರಿಗಾದರೂ ಹಾಗೆ ಅಂದದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ.

"ನಡೀರಿ ಹಂಗಾರ. ಪಾಪ, ಹಾದಿ ನೋಡತಿರ್ತಾರ ಅವರು" ಎನ್ನುತ್ತ ಆಯಿ ಅತ್ತಿಯ ಭುಜ ಹಿಡಿದು ಬಂಡಿ ಹತ್ತಿದಳು. ಅಪ್ಪ ಗಾಲಿ ಹಿಡಿದುಕೊಂಡು ನಿಂತೇ ಇದ್ದರು. ಮಾವನೇ ರಟ್ಟೆ ಹಿಡಿದು ಅವರನ್ನು ಹತ್ತಿಸಬೇಕಾಯಿತು.