ನನ್ನಜ್ಜ ಹಾಡುತ್ತಿರಲಿಲ್ಲ

ನಾನು ಸುಳ್ಳು ಹೇಳಿದೆ. ನನ್ನ ಗಂಟಲಲ್ಲಿರುವ ವಿದ್ಯೆ ನನ್ನಜ್ಜನದಲ್ಲ. ಮಂಗೋಲಿಯಾದ ಬಾತಾರ್ ಎಂಬವರದು. ಪರ್ತ್‌ನ ಕನ್ನಡಿಗರಾದ ನೀವು ಪೇಟ ತೊಡಿಸಿ ಹಾರ ಹಾಕಿದ್ದು ಒಬ್ಬ ಕಳ್ಳನಿಗೆ.

ಓದಲೆಂದು ಬ್ರಿಸ್ಬೇನ್‌ಗೆ ಬಂದ ಕಾಲದಲ್ಲಿ, ಅಲ್ಲಿನ ರನ್‌ಕಾರ್ನ್ ಬಡಾವಣೆಯ ಬಾಡಿಗೆ ಮನೆಯಲ್ಲಿ ಅವರದು ನನ್ನ ಪಕ್ಕದ ಕೋಣೆ. ಮಾಂಸದ ಕಾರ್ಖಾನೆಯ ಕೆಲಸ ಮುಗಿಸಿ ಬಂದು ಗ್ಯಾರೇಜಿನಲ್ಲಿ ಕೂತು ಹಾಡುತ್ತಿದ್ದರು. ಅವರ ನಾಡಿನ ಹಳೆಯ ವಿದ್ಯೆ, ಒಂದೇ ಗಂಟಲಿನಿಂದ ಎರಡು ದನಿ— ಕೆಳಗೆ ತಂಬೂರಿಯ ಹಾಗೆ ಗುಂಯ್‌ಗುಡುವುದೊಂದು, ಅದರ ಮೇಲೆ ಶಿಳ್ಳೆಯ ಹಾಗೆ ತೇಲುವುದೊಂದು. ಮೂರು ವರ್ಷ ನನ್ನನ್ನು ಎದುರಿಗೆ ಕೂರಿಸಿಕೊಂಡರು. ನನ್ನ ದವಡೆ ಹಿಡಿದು ತಿದ್ದುತ್ತಿದ್ದರು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದರೆ ಬಿಸಿ ಉಪ್ಪು ಚಹಾ ಕುಡಿಸುತ್ತಿದ್ದರು. ಹೆತ್ತ ಮಗನಿಗಾದರೂ ಅಷ್ಟು...

ಕೆಲಸ ಸಿಕ್ಕಿ ಪರ್ತ್‌ಗೆ ಬಂದೆ. ಫ್ರೀಮ್ಯಾಂಟಲ್ ಬಂದರಿನ ಕ್ರೇನುಗಳ ಕಿರುಗುಟ್ಟುವಿಕೆಯನ್ನು ರೆಕಾರ್ಡ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ ಜೋಡಿಸಿ, ಅದರ ಮೇಲೆ ಆ ಎರಡು ದನಿಗಳನ್ನು ಹರಿಯಬಿಟ್ಟೆ. ಕೇಳಿದವರು ಹೊಸದು ಎಂದರು. ಅಡಿಲೇಡ್‌ನ ಒಂದು ಸಂಗೀತೋತ್ಸವದಿಂದ ಫೋನ್ ಬಂತು. ಫೋನ್ ಮಾಡಿದ ಹೆಂಗಸು ಕೇಳಿದ್ದು ಒಂದೇ ಪ್ರಶ್ನೆ:

"ಇದು ನಿಮ್ಮ ಮನೆತನದಿಂದ ಬಂದದ್ದಾ?"

"ಹೌದು," ಎಂದೆ, "ನನ್ನಜ್ಜನಿಂದ."

ಗ್ಯಾರೇಜಿನಲ್ಲಿ ಕಲಿತದ್ದು ಎಂದರೆ ವೇದಿಕೆ ಕೈತಪ್ಪೀತು ಅನಿಸಿತ್ತು. ಗೊಂದಲವಲ್ಲ, ಬಾಯಿ ತಪ್ಪಿ ಬಂದದ್ದೂ ಅಲ್ಲ— ಆಸೆ.

ಆ ಸುದ್ದಿ ಕೇಳಿಯೇ ಅಲ್ಲವೇ ನೀವು ಪಿಯಾರಾ ವಾಟರ್ಸ್‌ನ ಸಭಾಂಗಣದಲ್ಲಿ ನನಗೆ ಸನ್ಮಾನ ಇಟ್ಟುಕೊಂಡದ್ದು? 'ಕನ್ನಡ ನಾಡಿನ ಮರೆತ ಕಲೆ' ಎಂದು ಬ್ಯಾನರ್. ಮೈಕ್ ಹಿಡಿದ ಅಂಕಲ್ ಒಬ್ಬರು ನನ್ನ ಬೆನ್ನು ತಟ್ಟಿದರು: "ನಮ್ಮೋರ ವಿದ್ಯೆ ಅಂತ ನಮ್ಗೇ ಗೊತ್ತಿರ್ಲಿಲ್ವಲ್ಲೋ! ಹಿಂಗೇ ಹಾಡೋ ಆ ಮಂಗೋಲಿಯಾದೋರು ನಮ್ಮಿಂದ್ಲೇ ಕದ್ದಿರ್ಬೇಕು ಬಿಡು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೇಳಿದ ಸುಳ್ಳಿಗಿಂತ ಆ ನಗು ಹೆಚ್ಚು ಹೇಸಿಗೆಯದು.

ಕಾರಿನಲ್ಲಿ ನನ್ನ ಹೆಂಡತಿ ಮಾತ್ರ ಕೇಳಿದಳು, "ನಿಮ್ಮಜ್ಜ ಬಸ್ ಕಂಡಕ್ಟರ್ ಅಲ್ವೇನ್ರೀ? ಟಿಕೆಟ್, ಟಿಕೆಟ್ ಅಂತ ಕೂಗೋದು ಬಿಟ್ಟು ಇನ್ನೇನ್ ಹಾಡ್ತಿದ್ರು?"

"ಸುಮ್ನಿರು ಮಾರಾಯ್ತಿ," ಎಂದೆ. ಆಮೇಲೆ ಅವಳು ನನ್ನ ಯಾವ ಕಛೇರಿಗೂ ಬರಲಿಲ್ಲ.

ಮರುವರ್ಷ ಬಾತಾರ್ ಅವರೇ ಅದೇ ಉತ್ಸವಕ್ಕೆ ಅರ್ಜಿ ಹಾಕಿದ್ದರು. ನನಗೆ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅವರು ನನ್ನ ಹಾಡು ಕೇಳಿದ್ರು. ಆ ಇಂಡಿಯನ್ ಹಾಡುಗಾರನ ಶಿಷ್ಯನಾ ನೀನು, ಅಂದ್ರು. ಹೌದು ಅಂದೆ."

"ಯಾಕೆ ಹಾಗಂದ್ರಿ?"

"ಇಲ್ಲ ಅಂದಿದ್ರೆ ನಿನ್ನ ಮಾನ ಹೋಗ್ತಿತ್ತಲ್ಲ."

ನಕಲು ಮಾಡುವವನೊಬ್ಬ ಬೇಡ ಎಂದು ಉತ್ಸವದವರು ಅವರನ್ನು ಕೈಬಿಟ್ಟರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು— ಬಿಡಲಿಲ್ಲ. ನಾಲ್ಕು ವರ್ಷ, ಅದೇ ವೇದಿಕೆಗೆ ಹೋಗಿ ಹಾಡಿ ಬಂದೆ.

ಕಳೆದ ತಿಂಗಳು ರನ್‌ಕಾರ್ನ್‌ಗೆ ಹೋದೆ. ಬಾತಾರ್ ಬಾಗಿಲು ತೆರೆದರು, ಒಳಗೆ ಕೂರಿಸಿದರು. ಹಾಡುತ್ತೀರಾ ಎಂದು ಕೇಳಿದೆ. "ಬಿಟ್ಟೆ," ಎಂದರು. "ಕಲಿಯೋಕೆ ಬಂದ ಹುಡುಗರು, ನಿಮ್ಮ ಇಂಡಿಯನ್ ಗುರುಗಳ ನಂಬರ್ ಕೊಡಿ, ಅಲ್ಲೇ ಕಲೀತೀವಿ ಅಂತಿದ್ರು."

ಕೊಟ್ಟಿರಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬ್ರಿಸ್ಬೇನ್‌ನ ಅಂಥ ಮೂವರು ಹುಡುಗರು ಈಗ ಆನ್‌ಲೈನ್‌ನಲ್ಲಿ ನನ್ನ ಬಳಿ ಕಲಿಯುತ್ತಿದ್ದಾರೆ. ಶನಿವಾರ ಪಾಠಕ್ಕೆ ಬರುತ್ತಾರೆ. ಅವರ ಮುಂದೆ ನಿಮಗೆ ಬರೆದ ಈ ಪತ್ರವನ್ನೇ ಓದುತ್ತೇನೆ, ಆಮೇಲೆ ರನ್‌ಕಾರ್ನ್‌ನ ವಿಳಾಸ ಬರೆದು ಕಳಿಸುತ್ತೇನೆ. ಬಾತಾರ್ ಮತ್ತೆ ಬಾಗಿಲು ತೆರೆಯುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ.