ಚೀಟಿ ಕಾದರೆ ಏನಾಗುತ್ತದೆ?

ನನ್ನ ಸಹಿಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ. ಮೊದಲಕ್ಷರಕ್ಕೆ ಒಂದು ಕೊಂಬು, ಕೊನೆಯಕ್ಷರಕ್ಕೆ ಉದ್ದನೆಯ ಬಾಲ, ಬಾಲದ ಕೆಳಗೆ ಎರಡು ಚುಕ್ಕಿ. ಹೈಸ್ಕೂಲಿನಲ್ಲಿ ಗಣಿತದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದೂ ಬರೆದೂ ಕಲಿತದ್ದು. ಗಣಿತ ತಲೆಗೆ ಹತ್ತಲಿಲ್ಲ, ಸಹಿ ಕೈಗೆ ಹತ್ತಿತು. ಚನ್ನಪಟ್ಟಣದ ಒಂದು ಗೊಂಬೆ ಕಂಪನಿಯಲ್ಲಿ ಸರಕು ಸಾಮಗ್ರಿ ವಿಭಾಗದ ಮ್ಯಾನೇಜರ್ ಆದ ಮೇಲೆ ಆ ಸಹಿಗೂ ಒಂದು ಉದ್ಯೋಗ ಸಿಕ್ಕಿತು. ಮರ, ಅರಗು, ಬಣ್ಣ, ರಟ್ಟಿನ ಡಬ್ಬ, ಯಾವುದು ಉಗ್ರಾಣದಿಂದ ಹೊರಬೀಳಬೇಕಾದರೂ ಒಂದು ಚೀಟಿ ಬೇಕು. ಆ ಚೀಟಿಗೆ ನನ್ನ ಸಹಿ ಬೇಕು. ಒಂಬತ್ತು ವರ್ಷ ಹೀಗೇ ನಡೆಯಿತು.

ಈಚೆಗೆ ನಮ್ಮ ಯಜಮಾನರು ನನ್ನನ್ನು ಮೂರು ದಿನದ ತರಬೇತಿಗೆ ಕಳಿಸಿದರು. ಲೀನ್ ಅಂತ ಒಂದು ಪದ್ಧತಿ, ಜಪಾನಿನ ಕಾರು ತಯಾರಿಸುವವರು ರೂಢಿಸಿದ್ದಂತೆ. ನಿಮಗೆ ಸುಲಭವಾಗಿ ಹೇಳಬೇಕೆಂದರೆ ಅದು ನಮ್ಮ ಮನೆಯ ದೋಸೆ. ತಿನ್ನುವವನು ತಟ್ಟೆಯ ಮುಂದೆ ಕೂತ ಮೇಲೆಯೇ ಹೆಂಚಿಗೆ ಹಿಟ್ಟು. ಮುಂಚೆಯೇ ಇಪ್ಪತ್ತು ಹುಯ್ದು ಪೇರಿಸಿದರೆ ದಂಡ. ಸುಮ್ಮನೆ ಕೂಡಿಡುವುದು ದಂಡ, ಸುಮ್ಮನೆ ಓಡಾಡುವುದು ದಂಡ, ಸುಮ್ಮನೆ ಕಾಯುವುದಂತೂ ದೊಡ್ಡ ದಂಡ. ಇದನ್ನೆಲ್ಲ ನನ್ನ ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾಳೆ. ಆದರೆ ಅವಳು ಸರ್ಟಿಫಿಕೇಟು ಕೊಟ್ಟಿರಲಿಲ್ಲ.

ತರಬೇತಿ ಮುಗಿಸಿ ಬಂದವನ ಕಣ್ಣಿಗೆ ಎಲ್ಲೆಲ್ಲೂ ದಂಡವೇ. ಅಡಿಗೆಮನೆಯಲ್ಲಿ ಪಾತ್ರೆಯಿಲ್ಲದ ಮುಚ್ಚಳಗಳನ್ನು ಎಣಿಸಲು ಹೋಗಿ ಬೈಸಿಕೊಂಡೆ. ಕಂಪನಿಯಲ್ಲಿ ಬೈಯುವವರಿರಲಿಲ್ಲ, ಹಾಗಾಗಿ ನೇರವಾಗಿ ಹಿತ್ತಲಿನ ಮರದ ಕೊಟ್ಟಿಗೆಗೆ ಕೈಹಾಕಿದೆ. ಅಲ್ಲಿ ಗೊಂಬೆ ಮಾಡುವ ಆಲೆ ಮರದ ತುಂಡುಗಳನ್ನು ಮೂರು ತಿಂಗಳು ಪೇರಿಸಿ ಇಡುತ್ತಾರೆ. ನೋಡಿಕೊಳ್ಳುವವರು ವಿರೂಪಾಕ್ಷಿಪುರದಿಂದ ಬಸ್ಸಿನಲ್ಲಿ ಬರುವ ಚಿಕ್ಕತಾಯಮ್ಮ, ಉಗ್ರಾಣವೂ ಅವರದೇ. ಮರವನ್ನು ಬೇಕಾದಾಗ ಬೇಕಾದಷ್ಟೇ ತರಿಸಿದರೆ ಕೊಟ್ಟಿಗೆಯೇ ಬೇಡ, ಉಗ್ರಾಣವನ್ನು ಪ್ಯಾಕಿಂಗಿನವರೇ ನೋಡಿಕೊಂಡಾರು ಎಂದು ವರದಿಯಲ್ಲಿ ಬರೆದೆ. ಕೊನೆಯಲ್ಲಿ ‘ಒಂದು ಹುದ್ದೆ ಕಡಿತ’ ಎಂದು ಸೇರಿಸಿದೆ. ಆ ಹುದ್ದೆಗೆ ಒಂದು ಹೆಸರಿದೆ, ಅದಕ್ಕೆ ಸಕ್ಕರೆಕಾಯಿಲೆಯ ಗಂಡನಿದ್ದಾನೆ ಎಂಬುದು ಬರೆಯುವಾಗ ನೆನಪಾಗಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಒಂಬತ್ತು ವರ್ಷದಲ್ಲಿ ನಾನು ಮರವನ್ನು ಹೆಚ್ಚಾಗಿ ನೋಡಿದ್ದು ಚೀಟಿಯಲ್ಲೇ.

ಪದ್ಧತಿಯ ಪ್ರಕಾರ ಹದಿನೈದು ದಿನ, ಯಾವ ವಸ್ತು ಎಲ್ಲಿ ಎಷ್ಟು ಹೊತ್ತು ಕಾಯುತ್ತದೆ ಎಂದು ಎಲ್ಲರೂ ಬರೆದಿಡಬೇಕೆಂದು ಹೇಳಿದ್ದೆ. ಹೂಂ ಎಂದವರು ಬಹಳ, ಬರೆದವರು ಒಬ್ಬರೇ.

ವರದಿಯನ್ನು ಯಜಮಾನರ ಮುಂದಿಡುವ ಹಿಂದಿನ ದಿನ, ಗುರುವಾರ ಮಧ್ಯಾಹ್ನ, ಚಿಕ್ಕತಾಯಮ್ಮ ನನ್ನ ಕೋಣೆಗೆ ಬಂದರು. ಒಂದು ಕೈಯಲ್ಲಿ ಬುಗುರಿ, ಇನ್ನೊಂದರಲ್ಲಿ ಚೀಟಿಯ ಕಟ್ಟು. ಬುಗುರಿಯನ್ನು ಮೇಜಿನ ಮೇಲಿಟ್ಟರು. ಕೆಂಪು ಅರಗು ಮಿರಮಿರ ಹೊಳೆಯುತ್ತಿತ್ತು, ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತ್ತು.

“ಮರ ಕೂಡಿಡೋದು ದಂಡ ಅಂದ್ರಲ್ಲ, ಅದ್ಕೇ ಹಸಿ ಮರದಲ್ಲಿ ಮಾಡ್ಸಿದ್ದು ಸಾರ್. ಹೋದ ವಾರ ಚೆಂದಾಗೇ ಇತ್ತು” ಎಂದರು.

ನಾನು ಬುಗುರಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅವರು ಚೀಟಿಯ ಕಟ್ಟನ್ನು ಅದರ ಪಕ್ಕಕ್ಕೆ ಸರಿಸಿದರು.

“ಮರ ಕಾದ್ರೆ ಹದಕ್ಕೆ ಬತ್ತದೆ. ಚೀಟಿ ಕಾದ್ರೆ ಏನಾಯ್ತದೆ ಸಾರ್?”

ಪ್ರತಿ ಚೀಟಿಯ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಎರಡು ತಾರೀಕುಗಳಿದ್ದವು: ನನ್ನ ಮೇಜಿಗೆ ಬಂದದ್ದು, ನನ್ನ ಮೇಜಿನಿಂದ ಹೋದದ್ದು. ಎರಡು ದಿನ, ನಾಲ್ಕು ದಿನ. ನಾನು ಭಾವಮೈದುನನ ಮದುವೆಯಲ್ಲಿ ಹೋಳಿಗೆ ತಿನ್ನುತ್ತಿದ್ದಾಗ ಒಂದು ಚೀಟಿ ಎಂಟು ದಿನ ಮಲಗಿತ್ತು. ಇಡೀ ಕಂಪನಿಯಲ್ಲಿ ಸುಮ್ಮನೆ ಕಾಯುವ ಜಾಗ ಯಾವುದೆಂದು ಹುಡುಕಿಕೊಂಡು ಹೊರಟಿದ್ದವನು ಅದರ ಮೇಲೇ ಮೊಣಕೈ ಊರಿಕೊಂಡು ಕೂತಿದ್ದೆ.

“ಹಾಗಾದರೆ ಇಷ್ಟು ವರ್ಷ ಕೆಲಸ ಹೇಗೆ ನಡೆಯಿತು?” ಎಂದೆ.

“ಸೈನ್ ಆಮ್ಯಾಕೆ ಆಗ್ಲಿ ಅಂತ ನಾನೇ ಕೊಟ್ಬುಡ್ತಿದ್ದೆ. ಗೊಂಬೆ ಕಡೆಯೋ ಲೇತಿನೋರು ಸುಮ್ನೆ ಕುಂತ್ರೆ ನಿಮ್ ಮ್ಯಾಲೆ ಮಾತು ಬತ್ತದಲ್ಲ ಸಾರ್.”

ಎಂದರೆ, ನಾನು ಕೊಂಬು ತಿದ್ದಿ, ಬಾಲ ಎಳೆದು, ಚುಕ್ಕಿಯಿಟ್ಟು ಮಂಜೂರು ಮಾಡುವ ಹೊತ್ತಿಗೆ ಆ ಮರ ಬುಗುರಿಯಾಗಿ, ಗಿಲಕಿಯಾಗಿ, ಎಷ್ಟೋ ಸಲ ಹಡಗನ್ನೂ ಹತ್ತಿಯಾಗಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ನನ್ನ ವಿಷಯದಲ್ಲಿ ದೀಪವೂ ನನ್ನದಾಗಿರಲಿಲ್ಲ.

ಆಮೇಲೆ ನೆನಪಾಯಿತು. ನಮ್ಮ ಪ್ರಿಂಟರ್ ಇರುವುದು ಉಗ್ರಾಣದಲ್ಲಿ. ವರದಿಯ ಪ್ರತಿಯನ್ನು ನಾನು ಬುಧವಾರವೇ ಅಲ್ಲಿಗೆ ಕಳಿಸಿದ್ದೆ. ‘ಒಂದು ಹುದ್ದೆ ಕಡಿತ’ವನ್ನು ಮೊದಲು ಓದಿದವರು ಅವರೇ. ಓದಿ, ಹಾಳೆಗಳನ್ನು ಸರಿಯಾಗಿ ಜೋಡಿಸಿ, ಪಿನ್ನು ಹೊಡೆದು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದರು. ಆ ಚೀಟಿಗಳನ್ನು ನೆಟ್ಟಗೆ ಯಜಮಾನರ ಮುಂದೆ ಸುರಿದಿದ್ದರೆ ಕಡಿತವಾಗುವ ಹುದ್ದೆ ಬೇರೆಯದೇ ಆಗುತ್ತಿತ್ತು. ಅವರು ನನ್ನ ಬಳಿಗೆ ಬಂದರು, ಬಾಗಿಲು ಮುಂದೆ ಮಾಡಿಕೊಂಡೇ ಬಂದರು. ನಾನು ಪಡೆದ ಉಪಕಾರಗಳಲ್ಲಿ ಇಷ್ಟು ದೊಡ್ಡದು ಮತ್ತೊಂದಿಲ್ಲ. ಆವತ್ತು ಥ್ಯಾಂಕ್ಸ್ ಅಂತ ಹೇಳಲು ಕೂಡ ಬಾಯಿ ಬರಲಿಲ್ಲ; ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಶುಕ್ರವಾರ ಹೊಸ ವರದಿ ಕೊಟ್ಟೆ. ಕೊಟ್ಟಿಗೆ ಉಳಿಯಬೇಕು, ಚಿಕ್ಕತಾಯಮ್ಮ ಉಳಿಯಬೇಕು, ದಿನದ ಸಾಮಾನಿಗೆ ಅವರೇ ಸಹಿ ಮಾಡಬೇಕು, ನನ್ನದು ಹೋಗಬೇಕು. ಯಜಮಾನರು ಚೀಟಿಗಳನ್ನು ಒಂದೊಂದಾಗಿ ತಿರುವಿದರು. “ಏನೇ ಹೇಳ್ರಿ, ಸೈನ್ ಮಾತ್ರ ಚೆನ್ನಾಗೈತೆ” ಎಂದು ಒಪ್ಪಿಗೆ ಕೊಟ್ಟರು.

ಹದಿನೈದು ದಿನವಾಯಿತು. ಮೇಜು ಖಾಲಿ, ಮಧ್ಯಾಹ್ನಗಳೂ ಖಾಲಿ. ಊಟವಾದ ಮೇಲೆ ಕೊಟ್ಟಿಗೆಗೆ ಹೋಗಿ ಮರದ ರಾಶಿಯ ಪಕ್ಕ ಕೂರುತ್ತೇನೆ. ಅಲ್ಲಿ ಹಸಿ ಮರದ್ದೊಂದು ಹಾಲಿನಂಥ ವಾಸನೆ ಇದೆ. ಒಂಬತ್ತು ವರ್ಷ ಇದು ನನ್ನ ಮೂಗಿಗೆ ಗೊತ್ತೇ ಇರಲಿಲ್ಲ. ನಿನ್ನೆ ಚಿಕ್ಕತಾಯಮ್ಮ ಹೊಸದಾಗಿ ಬಂದ ತುಂಡುಗಳ ತುದಿಗೆ ಸೀಮೆಸುಣ್ಣದಲ್ಲಿ ಬಂದ ತಾರೀಕು ಬರೆಯುತ್ತಿದ್ದರು. ನಾನು ತಮಾಷೆಗೆ ಕೇಳಿದೆ: “ನಾನೂ ಒಂಬತ್ತು ವರ್ಷದಿಂದ ಇಲ್ಲೇ ಇದ್ದೀನಲ್ಲಮ್ಮ. ಹದಕ್ಕೆ ಬಂದಿದ್ದೀನಾ ಇಲ್ವಾ?”

ಅವರು ಬರೆಯುವುದನ್ನು ನಿಲ್ಲಿಸಲಿಲ್ಲ.

“ಅದೆಂಗ್ ಬತ್ತೀರ ಸಾರ್? ನೀವು ಒಣಗಕ್ಕೆ ಶುರುವಾಗಿದ್ದು ಆ ಸುಕ್ರವಾರದಿಂದ. ಇನ್ನೂ ಎರಡೂವರೆ ತಿಂಗ್ಳು ಐತೆ.”